ಮಳೆಸೀಮೆಗೆ ಯಾವ ಕ್ಯಾಮೆರಾ?

(ತೀರ್ಥಹಳ್ಳಿಯಲ್ಲಿ ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ಆಡಿದ ಮಾತುಗಳು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಆಮೇಲೆ ಕೇಳುವುದು ಎಷ್ಟು ಝೂಮ್ ಎಂದು. ಅಂಗಡಿಯವರಿಗೆ ಈ ಎರಡು ಪ್ರಶ್ನೆಗಳೆಂದರೆ ಬಲು ಪ್ರೀತಿ. ಎರಡಕ್ಕೂ ಡಬ್ಬಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಉತ್ತರ ಅಚ್ಚಾಗಿರುತ್ತದೆ. ಆದರೆ ನಮ್ಮ ಕಡೆ ಚಿತ್ರ ತೆಗೆಯುವವರು ಕೇಳಬೇಕಾದದ್ದು ಬೇರೆ. ಬೆಳಕು ಕಡಿಮೆಯಾದಾಗ ಇದು ಹೇಗೆ ನಡೆದುಕೊಳ್ಳುತ್ತದೆ? ಮೈಮೇಲೆ ನೀರು ಬಿದ್ದರೆ ತಾಳುತ್ತದೆಯೇ? ಜೂನ್‌ನಿಂದ ನಾಲ್ಕು ತಿಂಗಳು ಮೋಡ, ಉಳಿದಂತೆ ಕಾಡಿನ ನೆರಳು, ಬೇಸಗೆಯ ರಾತ್ರಿಗಳಲ್ಲಿ ಯಕ್ಷಗಾನ. ಮಲೆನಾಡಿನವರ ಚಿತ್ರಗಳಲ್ಲಿ ಬಹುಪಾಲು ಹುಟ್ಟುವುದು ಅರೆಬೆಳಕಿನಲ್ಲಿ. ಇಂದು ನಾನು ಹೇಳುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ. ಬಿಸಿಲಿನ ಊರಿನವರಿಗೆ ಬೇರೆ ಉಪನ್ಯಾಸ ಬೇಕಾದೀತು.

ಮೆಗಾಪಿಕ್ಸೆಲ್ ವಿಷಯವನ್ನು ಮೊದಲು ಮುಗಿಸಿಬಿಡೋಣ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕಿ, ಎಂದರೆ 0.01 ಮೆಗಾಪಿಕ್ಸೆಲ್. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಅಂಥ ಕಾಲದಲ್ಲಿ ಚುಕ್ಕಿಗಳ ಲೆಕ್ಕಕ್ಕೆ ಅರ್ಥವಿತ್ತು. ಇಂದು ಎ4 ಅಳತೆಯ ಪತ್ರಿಕಾ ಪುಟದ ತುಂಬ ಚೊಕ್ಕವಾಗಿ ಅಚ್ಚು ಹಾಕಲು ಸುಮಾರು 9 ಮೆಗಾಪಿಕ್ಸೆಲ್ ಸಾಕು. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಆ ಗೆರೆ ದಾಟಿ ಎಷ್ಟೋ ವರ್ಷಗಳಾದವು.

ಚುಕ್ಕಿಗಳ ಸಂಖ್ಯೆಗಿಂತ ಅವು ಕುಳಿತಿರುವ ಜಾಗ ಮುಖ್ಯ. ಅದನ್ನೇ ಸೆನ್ಸರ್ ಎನ್ನುತ್ತೇವೆ. ದೊಡ್ಡದೆಂದು ಹೆಸರಾದ 'ಫುಲ್ ಫ್ರೇಮ್' ಸೆನ್ಸರ್‌ನ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಈ ಅಳತೆ ಬಂದದ್ದು ಸಿನಿಮಾ ಫಿಲಂನಿಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬಾತ ಸಿನಿಮಾದ ಎರಡು ಚೌಕಟ್ಟುಗಳನ್ನು ಸೇರಿಸಿ ಒಂದು ಚಿತ್ರ ಮಾಡಿದ. ಆ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂತು. ನೂರು ವರ್ಷ ಕಳೆದರೂ ನಾವು ಅದೇ ಅಳತೆಗೋಲು ಹಿಡಿದುಕೊಂಡಿದ್ದೇವೆ. ಅದಕ್ಕಿಂತ ಚಿಕ್ಕದು ಎಪಿಎಸ್-ಸಿ, ಸುಮಾರು 23.5 ಮತ್ತು 15.6 ಮಿ.ಮೀ. ಇನ್ನೂ ಚಿಕ್ಕದು ಮೈಕ್ರೋ ಫೋರ್ ಥರ್ಡ್ಸ್, 17.3 ಮತ್ತು 13 ಮಿ.ಮೀ. ಉದ್ದ ಝೂಮ್ ಇರುವ ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ 6.2 ಮತ್ತು 4.6 ಮಿ.ಮೀ.ಗೆ ಇಳಿಯುತ್ತದೆ. ಗುಣಿಸಿ ನೋಡಿ: ಫುಲ್ ಫ್ರೇಮ್‌ನ ವಿಸ್ತಾರ ಇದರ ಮೂವತ್ತು ಪಟ್ಟು. ಬೆಳಕು ಧಾರಾಳವಾಗಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆಗುಂಬೆಯ ಮರಗಳ ಕೆಳಗೆ ನಿಂತಾಗ ಬೀಳುತ್ತದೆ.

ಈಗ ಒಂದೊಂದಾಗಿ ಬರೋಣ. ಮೊಬೈಲ್‌ನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಕ್ಯಾಮೆರಾ ಹಿಡಿದವರು ಅದನ್ನು ಹೀಗಳೆಯುವುದು ಒಂದು ಚಟವಾಗಿದೆ. ಅದು ಅನ್ಯಾಯ. ಮೊಬೈಲ್ ಒಂದು ಕ್ಲಿಕ್ಕಿಗೆ ಒಂದೇ ಚಿತ್ರ ತೆಗೆಯುವುದಿಲ್ಲ. ಹಲವು ಚಿತ್ರಗಳನ್ನು ಸರಸರನೆ ತೆಗೆದು, ಒಂದರ ಮೇಲೊಂದು ಕೂರಿಸಿ, ಕಲೆ ಕಳೆದು, ನಿಮಗೆ ಒಂದನ್ನು ಕೊಡುತ್ತದೆ. 48 ಮೆಗಾಪಿಕ್ಸೆಲ್ ಎಂದು ಬರೆದಿದ್ದರೂ ನಾಲ್ಕು ಚುಕ್ಕಿಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರ ಉಳಿಸುವುದು ಅದರ ರೂಢಿ, ಅದೂ ಬೆಳಕಿಗಾಗಿಯೇ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಒಳಗೆ ಟ್ರೈಪಾಡ್ ಇಲ್ಲದೆ ಕಂಬಗಳ ಚಿತ್ರ ತೆಗೆಯಬೇಕೇ? ಒಳ್ಳೆಯ ಮೊಬೈಲ್‌ನ ರಾತ್ರಿ ಮೋಡ್ ಕಲಿಯುವವರ ಕೈಯಲ್ಲಿರುವ ದೊಡ್ಡ ಕ್ಯಾಮೆರಾವನ್ನು ಸೋಲಿಸುತ್ತದೆ. ಕಂಬ ಅಲುಗಾಡುವುದಿಲ್ಲವಲ್ಲ! ಅಲುಗಾಡುವ ಜೀವ ಬಂದಾಗಲೇ ಮೊಬೈಲ್‌ನ ಬಂಡವಾಳ ಬಯಲಾಗುವುದು. ಮಂಗಟ್ಟೆ ಕೊಂಬೆಯಿಂದ ಹಾರಿದರೆ ಆ ಹಲವು ಚಿತ್ರಗಳಲ್ಲಿ ಅದು ಹಲವು ಕಡೆ ಇರುತ್ತದೆ. ಸೇರಿಸಿದಾಗ ಸಿಗುವುದು ರೆಕ್ಕೆಯಿರುವ ಹೊಗೆ.

ಹಕ್ಕಿಯೆಂದ ಕೂಡಲೇ ಎಲ್ಲರ ಕಣ್ಣು ಬ್ರಿಡ್ಜ್ ಕ್ಯಾಮೆರಾಗಳ ಮೇಲೆ ಹೋಗುತ್ತದೆ. ಲೆನ್ಸ್ ಬಿಚ್ಚಲಾಗದ, ಆದರೆ ಒಂದೇ ಲೆನ್ಸಿನಲ್ಲಿ ಹತ್ತಿರವೂ ದೂರವೂ ಸಿಗುವ ಯಂತ್ರಗಳಿವು. 2015ರಲ್ಲಿ ಬಂದ ನಿಕಾನ್ ಪಿ900 83 ಪಟ್ಟು ಝೂಮ್ ಕೊಟ್ಟಿತು, 2018ರ ಪಿ1000 125 ಪಟ್ಟಿಗೆ ಹೋಯಿತು. ಮಂಡಗದ್ದೆಗೆ ಇವು ಹೇಳಿಮಾಡಿಸಿದಂತಿವೆ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಕುಳಿತಿರುತ್ತವೆ. ನಾವು ದಡದಲ್ಲಿ, ಅವು ನೀರಿನಾಚೆ, ಮೇಲೆ ತೆರೆದ ಆಕಾಶ. ಸೊರಬದ ಗುಡವಿಯ ಕೆರೆಯಂಗಳವೂ ಹಾಗೆಯೇ. ಯಾವ ಹಕ್ಕಿ ಎಂದು ಗುರುತು ಹಚ್ಚಲು, ದಾಖಲಿಸಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಆದರೆ ಝೂಮ್ ಎಳೆದಂತೆ ಲೆನ್ಸಿನ ಬಾಯಿ ಕಿರಿದಾಗುತ್ತದೆ. ಈ ಬಾಯಿಯ ಅಳತೆಯೇ ಅಪರ್ಚರ್, ಎಫ್ ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು. ಪಿ1000 ಪೂರ್ತಿ ಚಾಚಿದಾಗ ಅಪರ್ಚರ್ ಎಫ್ 8. ಅಂದರೆ ಎಫ್ 2.8 ಲೆನ್ಸಿಗೆ ಹೋಲಿಸಿದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಎಂಟನೆಯ ಒಂದು ಪಾಲು. ಸೆನ್ಸರ್ ಉಗುರಿನಷ್ಟು, ಬೆಳಕು ಅರೆಪಾವು. ಕಾಡಿನೊಳಗೆ ಹೋದರೆ ಗರಿಯ ವಿವರವೆಲ್ಲ ಕಲಸಿದ ಬಣ್ಣವಾಗಿಬಿಡುತ್ತದೆ. ಕೊಳ್ಳುವ ಮೊದಲು ಇದನ್ನು ಯಾರೂ ಹೇಳುವುದಿಲ್ಲ, ಕೊಂಡವರೂ ಹೇಳುವುದಿಲ್ಲ.

ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ ಎರಡು ಪಂಗಡ. ಡಿಎಸ್ಎಲ್ಆರ್‌ನಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೇರಿ ದಾರಿ ಬಿಡುತ್ತದೆ, ಆ 'ಟಪ್' ಸದ್ದು ಅದರದ್ದು. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಸೆನ್ಸರ್ ಕಾಣುವುದನ್ನೇ ಪುಟ್ಟ ಪರದೆಯೊಂದು ತೋರಿಸುತ್ತದೆ. ಲೆನ್ಸ್ ಬದಲಿಸಬಹುದಾದ ಮೊದಲ ಮಿರರ್‌ಲೆಸ್‌ಗಳಲ್ಲಿ ಪ್ಯಾನಸಾನಿಕ್ 2008ರಲ್ಲಿ ತಂದದ್ದು ಒಂದು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಕೈಹಾಕಿದ ಮೇಲೆ ಗಾಳಿ ಬದಲಾಯಿತು. ಈಗ ಹೊಸದೆಲ್ಲ ಬಹುಪಾಲು ಆ ಕಡೆಯೇ.

ಹಾಗಾದರೆ ಡಿಎಸ್ಎಲ್ಆರ್ ಸತ್ತಿತೇ? ನನ್ನ ಮಟ್ಟಿಗೆ ಇಲ್ಲ. ಬ್ಯಾಟರಿಯ ಲೆಕ್ಕ ನೋಡಿ. ಕಣ್ಣಿಗೆ ಗಾಜಿನ ಮೂಲಕವೇ ಕಾಣಿಸುವ ಡಿಎಸ್ಎಲ್ಆರ್‌ಗಳಲ್ಲಿ ಹಲವು ಒಂದೇ ಚಾರ್ಜಿನಲ್ಲಿ ಸಾವಿರದ ಹತ್ತಿರ ಚಿತ್ರ ತೆಗೆಯುತ್ತವೆ. ಅದೇ ದರ್ಜೆಯ ಮಿರರ್‌ಲೆಸ್ ಮುನ್ನೂರು ನಾನ್ನೂರಕ್ಕೆ ಕೈಚೆಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಕುಳಿತು ಈ ಮಾತು ಆಡುತ್ತಿದ್ದೇನೆ. ಜತೆಗೆ ಎಲ್ಲರೂ ಮಿರರ್‌ಲೆಸ್‌ಗೆ ಓಡುತ್ತಿರುವುದರಿಂದ ಒಳ್ಳೆಯ ಡಿಎಸ್ಎಲ್ಆರ್ ಲೆನ್ಸುಗಳು ಹಳೆಯ ಮಾಲಾಗಿ ಕಡಿಮೆ ಬೆಲೆಗೆ ಸಿಗುತ್ತಿವೆ. ಕಲಿಯುವವರಿಗೆ ಇದು ಸುಗ್ಗಿ.

ಮಿರರ್‌ಲೆಸ್‌ನ ನಿಜವಾದ ಗೆಲುವು ಎಲ್ಲಿ ಎಂದರೆ ಯಕ್ಷಗಾನದ ರಂಗಸ್ಥಳದ ಮುಂದೆ. ಈ ವಿಷಯಕ್ಕೆ ತುಸು ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಲ್ಲಿ ಕುಳಿತಿರುವವರಲ್ಲಿ ಅನೇಕರು ಆಟಕ್ಕೆ ಹೋಗಿ ಬೆಳ್ಳಗೆ ಸುಟ್ಟ ಮುಖಗಳ ಚಿತ್ರ ತಂದವರೇ. ಕಾರಣ ಸರಳ. ವೇಷದ ಮೇಲೆ ಪ್ರಖರ ಬೆಳಕು, ಹಿಂದೆ ಕಗ್ಗತ್ತಲೆ. ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ತೆಗೆದು, ಕತ್ತಲೆ ಹೆಚ್ಚಿದೆ ಎಂದು ಭಾವಿಸಿ, ಬೆಳಕು ಏರಿಸುತ್ತದೆ. ಮುಖವರ್ಣಿಕೆ ಕರಗಿಹೋಗುತ್ತದೆ. ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್, ಎಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ, ಬೇಕಾದರೆ ಇನ್ನೂ ಅರ್ಧ ಸ್ಟಾಪ್. ಮಿರರ್‌ಲೆಸ್‌ನಲ್ಲಿ ಆ ಬದಲಾವಣೆ ಕ್ಲಿಕ್ಕಿಸುವ ಮೊದಲೇ ಕಣ್ಣೆದುರು ಕಾಣುತ್ತದೆ. ಡಿಎಸ್ಎಲ್ಆರ್‌ನಲ್ಲಿ ತೆಗೆದ ಮೇಲೆ ತಲೆ ಬಗ್ಗಿಸಿ ನೋಡಬೇಕು, ಅಷ್ಟರಲ್ಲಿ ಪ್ರವೇಶದ ಕುಣಿತ ಮುಗಿದಿರುತ್ತದೆ. ಎಫ್ 2.8 ಲೆನ್ಸ್, ಐಎಸ್ಓ (ಬೆಳಕಿಗೆ ಸೆನ್ಸರ್ ತೋರುವ ಚುರುಕು) 3200ರ ಆಸುಪಾಸು, ಶಟರ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) ಸೆಕೆಂಡಿನ 250ನೆಯ ಒಂದು ಭಾಗ. ಗಿರಗಿರನೆ ಸುತ್ತುತ್ತ ಧೀಂಗಿಣ ಹಾಕುವಾಗ ಶಟರ್ ಅನ್ನು 500ಕ್ಕೆ ಏರಿಸಿ, ಐಎಸ್ಓ ಕೂಡ ಮೇಲೇರಲಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ.

ಮಿರರ್‌ಲೆಸ್‌ನವರು ಒಂದು ಕಡೆ ಎಡವುತ್ತಾರೆ. ಭಾಗವತರ ಪದಕ್ಕೆ ಅಡ್ಡಿಯಾಗದಿರಲಿ ಎಂದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟುಕೊಳ್ಳುತ್ತಾರೆ. ಮರುದಿನ ನೋಡಿದರೆ ಚಿತ್ರದ ತುಂಬ ಅಡ್ಡಡ್ಡ ಪಟ್ಟೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು, ಅನೇಕ ಎಲ್‌ಇಡಿ ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಸಾಮಾನ್ಯ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ದೀಪ ಹಲವು ಸಲ ಏರಿ ಇಳಿದಿರುತ್ತದೆ, ಕೆಲವು ಸಾಲು ಬೆಳಕು, ಕೆಲವು ಕತ್ತಲು. ಮೆಕ್ಯಾನಿಕಲ್ ಶಟರ್‌ಗೆ ಮರಳಿ, ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಆಯ್ಕೆ ಇದ್ದರೆ ಹಾಕಿಕೊಳ್ಳಿ. ದೀಪ ಪ್ರಖರವಾಗಿರುವ ಕ್ಷಣಕ್ಕೆ ಕಾದು ಅದು ಚಿತ್ರ ತೆಗೆಯುತ್ತದೆ. ಇಡೀ ಸೆನ್ಸರ್ ಅನ್ನು ಒಮ್ಮೆಗೇ ಓದುವ ಫುಲ್ ಫ್ರೇಮ್ ಕ್ಯಾಮೆರಾವನ್ನು ಸೋನಿ 2023ರಲ್ಲಿ ಪ್ರಕಟಿಸಿತು. ಅದರ ಬೆಲೆಗೆ ಒಂದು ಮೇಳವನ್ನೇ ಕರೆಸಿ ಆಟ ಆಡಿಸಬಹುದು ಎಂದು ನನಗನ್ನಿಸುತ್ತದೆ.

ಕಾಡಿನೊಳಗಿನ ಹಕ್ಕಿ, ಸಿಂಗಳೀಕಗಳಿಗೆ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬ ಅಳತೆ) 400 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರುವ ಲೆನ್ಸ್ ಬೇಕು. ಇಲ್ಲಿ ಎಪಿಎಸ್-ಸಿ ಸೆನ್ಸರ್‌ಗೆ ಒಂದು ಅನುಕೂಲ: ಅಂಚುಗಳನ್ನು ಕತ್ತರಿಸಿದಂತಾಗಿ 400ರ ಲೆನ್ಸ್ 600ರ ನೋಟ ಕೊಡುತ್ತದೆ. ತೂಕವೂ ಕಡಿಮೆ. ಉಂಬಳಗಳನ್ನು (ಜಿಗಣೆಗಳನ್ನು) ಕೀಳುತ್ತ ಗುಡ್ಡ ಹತ್ತುವವರಿಗೆ ತೂಕ ಸಣ್ಣ ಸಂಗತಿಯಲ್ಲ.

ಕಪ್ಪೆ, ಕೀಟ, ಅಣಬೆಗಳವರು ಮ್ಯಾಕ್ರೋ ಲೆನ್ಸ್ ಕೊಳ್ಳಿ, ಒಂದಕ್ಕೊಂದು ಅನುಪಾತ ಇರುವುದು, ಎಂದರೆ ಕೀಟವನ್ನು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡಿಸುವುದು. ಅದು ದುಬಾರಿ ಎನ್ನುವವರಿಗೆ ಜಲನಿರೋಧಕ ಚಿಕ್ಕ ಕ್ಯಾಮೆರಾಗಳಿವೆ. ಒಲಿಂಪಸ್ ಹೆಸರಿನಲ್ಲಿ ಶುರುವಾದ, ಈಗ ಓಎಂ ಸಿಸ್ಟಮ್ ಹೆಸರಿನ ಟಿಜಿ ಸಾಲಿನವು ಒಂದು ಸೆಂಟಿಮೀಟರ್ ದೂರದವರೆಗೂ ಫೋಕಸ್ ಮಾಡುತ್ತವೆ, 15 ಮೀಟರ್ ಆಳದ ನೀರಿಗೂ ಇಳಿಯುತ್ತವೆ. ಸೆನ್ಸರ್ ಚಿಕ್ಕದಾಗಿರುವುದು ಇಲ್ಲಿ ವರ. ಕಪ್ಪೆಯ ಕಣ್ಣಿನಿಂದ ಬೆನ್ನಿನವರೆಗೂ ಸ್ಪಷ್ಟವಾಗಿ ಬರುತ್ತದೆ. ಸುರಿವ ಮಳೆಯಲ್ಲಿ ಅಂಜದೆ ತೆಗೆಯಬಹುದಾದ ಯಂತ್ರ ಇದೊಂದೇ ಎಂದರೂ ನಡೆದೀತು. ಬೈಕಿಗೆ, ಹೆಲ್ಮೆಟ್ಟಿಗೆ ಕಟ್ಟುವ ಗೋಪ್ರೋದಂಥ ಆಕ್ಷನ್ ಕ್ಯಾಮೆರಾಗಳು ವಿಡಿಯೊಗೆ ಚೆನ್ನ, ನಿಂತ ಚಿತ್ರಕ್ಕೆ ಬೇಡ.

ಡ್ರೋನ್ ಬಗ್ಗೆ ಬಹಳ ಹೇಳುವುದಿಲ್ಲ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗದವರು ನಕ್ಷೆ ನೋಡದೆ ಹಾರಿಸಬಾರದು. ನಿಲ್ದಾಣದಿಂದ 8 ಕಿ.ಮೀ. ಒಳಗೆ ಅನುಮತಿ ಬೇಕು. ಶರಾವತಿ ಕಣಿವೆಯಂಥ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸಿದರೆ ಯಂತ್ರವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಗೂಡಿನ ಮೇಲೆ ಆ ಸದ್ದು ಮಾಡುವವರ ಮೇಲೆ ನನಗೆ ಕನಿಕರವೂ ಇಲ್ಲ.

ಮನುಷ್ಯನೇ ಇಲ್ಲದೆ ಚಿತ್ರ ತೆಗೆಯುವ ಕ್ಯಾಮೆರಾ ನನಗೆ ಎಲ್ಲಕ್ಕಿಂತ ಸೋಜಿಗ. ಕ್ಯಾಮೆರಾ ಟ್ರ್ಯಾಪ್ ಎನ್ನುವ ಈ ಪೆಟ್ಟಿಗೆಯನ್ನು ಮರಕ್ಕೆ ಕಟ್ಟಿ ಬಂದರೆ, ಸುತ್ತಲಿನ ಶಾಖಕ್ಕಿಂತ ಬೇರೆಯಾದ ಮೈಬಿಸಿ ಅದರ ಮುಂದೆ ಚಲಿಸಿದ ಕೂಡಲೇ ಎಚ್ಚರವಾಗುತ್ತದೆ. ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಇದನ್ನು ಹುಲಿ ಎಣಿಕೆಗೆ ಬಳಸಿದರು. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೊಂದಿಕೆ ಇಲ್ಲದ ಕಾರಣ ಹಾದಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಎದುರುಬದುರು ಕಟ್ಟುತ್ತಾರೆ, ಮೊಣಕಾಲೆತ್ತರದಲ್ಲಿ. ನಮ್ಮ ಪಕ್ಕದ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲೂ ಹುಲಿಗಳ ಲೆಕ್ಕ ಸಿಗುವುದು ಈ ದಾರಿಯಿಂದಲೇ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಇಂಥ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು ಸುಮಾರು 3.48 ಕೋಟಿ, ಅದರಲ್ಲಿ ಹುಲಿಯದ್ದು 76,651. ಉಳಿದವುಗಳಲ್ಲಿ ಬೇರೆ ಪ್ರಾಣಿಗಳೂ ಇದ್ದವು, ಗಾಳಿಗೆ ಅಲುಗಿದ ಹುಲ್ಲೂ ಇದ್ದೀತು. ಬಿಸಿಲಿಗೆ ಕಾದ ಎಲೆ ತೂಗಾಡಿದರೆ ಈ ಪೆಟ್ಟಿಗೆ ಸುಲಭವಾಗಿ ಮೋಸಹೋಗುತ್ತದೆ.

ಸಂರಕ್ಷಿತ ಕಾಡಿನಲ್ಲಿ ನಾವು ನೀವು ಇದನ್ನು ಕಟ್ಟುವ ಹಾಗಿಲ್ಲ. ಆದರೆ ಸ್ವಂತ ತೋಟದಲ್ಲಿ ಕಟ್ಟಿ ನೋಡಿ. ರಾತ್ರಿ ಬಾಳೆಯ ಬುಡ ಅಗೆದದ್ದು ಕಾಡುಹಂದಿಯೋ ಮುಳ್ಳುಹಂದಿಯೋ ಎಂಬ ಜಗಳ ಬಗೆಹರಿಯುತ್ತದೆ. ಪುನುಗು ಬೆಕ್ಕು ನಿಮ್ಮ ತೋಟದಲ್ಲಿ ಎಷ್ಟು ಸಲೀಸಾಗಿ ಓಡಾಡಿಕೊಂಡಿದೆ ಎಂಬುದೂ ತಿಳಿಯುತ್ತದೆ.

ಈಗ ಬೂಷ್ಟಿನ ಮಾತು. ಮಲೆನಾಡಿನಲ್ಲಿ ಕ್ಯಾಮೆರಾಗಳು ಸಾಯುವುದು ಕೈಜಾರಿ ಬಿದ್ದಲ್ಲ, ಬೀರುವಿನಲ್ಲಿ ಕುಳಿತು. ತೇವಾಂಶ 60 ಪ್ರತಿಶತ ದಾಟಿ ಹಾಗೆಯೇ ನಿಂತರೆ ಲೆನ್ಸಿನೊಳಗೆ ಬೂಷ್ಟು ಬೇರುಬಿಡುತ್ತದೆ. ಜೇಡನ ಬಲೆಯಂಥ ಎಳೆಗಳು ಮೊದಲು ಲೇಪನವನ್ನು ತಿನ್ನುತ್ತವೆ, ಬಿಟ್ಟರೆ ಗಾಜಿನ ಮೇಲೂ ಗುರುತು ಉಳಿಸುತ್ತವೆ. ಜುಲೈನಲ್ಲಿ ನಮ್ಮ ಮನೆಗಳ ತೇವಾಂಶ ಎಷ್ಟೆಂದು ಹೇಳಬೇಕಿಲ್ಲ, ಗೋಡೆಗೆ ನೇತುಹಾಕಿದ ಚರ್ಮದ ಬೆಲ್ಟನ್ನು ನೋಡಿದರೆ ಸಾಕು. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಜತೆಗೊಂದು ಅಗ್ಗದ ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆಯ ಬಾಣಲೆ ಬಳಸಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ಇನ್ನೂ ಇದೆ ಎಂದು ಕೇಳಿದ್ದೇನೆ. ಅದರಿಂದ ಲೆನ್ಸಿಗೆ ಸಿಗುವುದು ಅಕ್ಕಿಯ ಹಿಟ್ಟು. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಹೊಗೆ.

ಮಳೆಯಲ್ಲಿ ತೆಗೆಯುವಾಗ ಹೊದಿಕೆಗೆಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಪ್ಲಾಸ್ಟಿಕ್ ಹಾಳೆ ಕೊಳೆರೋಗದಿಂದ ಅಡಿಕೆಯನ್ನು ಕಾಯುವಷ್ಟೇ ಚೆನ್ನಾಗಿ ಕ್ಯಾಮೆರಾವನ್ನೂ ಕಾಯುತ್ತದೆ. ಒಂದು ರಬ್ಬರ್ ಬ್ಯಾಂಡು, ಲೆನ್ಸಿಗೊಂದು ಕಿಂಡಿ. ಜೋಗದ ಎದುರು ಮಳೆಗಾಲದಲ್ಲಿ ನಿಂತರೆ ಮೇಲಿನಿಂದ ಬರುವ ನೀರಿಗಿಂತ ಕಣಿವೆಯಿಂದ ಏಳುವ ತುಂತುರು ಹೆಚ್ಚು. ಲೆನ್ಸಿಗೆ ಹುಡ್ ಹಾಕಿ, ಜೇಬಿನಲ್ಲಿ ಒಣ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜೆಲ್ಲ ಮಂಜು. ಚೀಲದಲ್ಲೇ ಕಾಲು ಗಂಟೆ ಬಿಡಿ, ಅಷ್ಟರಲ್ಲಿ ಕಾಫಿ ಕುಡಿಯಬಹುದು.

ಇನ್ನು ಪ್ರಶ್ನೆಗಳು.

ಅಡಿಕೆ ಬೆಳೆಗಾರರೊಬ್ಬರು ಕೇಳಿದರು: "ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕಾವಲಾಗಿ ಯಾವ ಸಿಸಿ ಕ್ಯಾಮೆರಾ ಹಾಕಿಸಲಿ ಮಾರಾಯರೇ?" ರಾತ್ರಿ ಈ ಕ್ಯಾಮೆರಾಗಳು ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೀರಿ ಕಪ್ಪು ಬಿಳುಪಿನಲ್ಲಿ ನೋಡುತ್ತವೆ. 850 ನ್ಯಾನೋಮೀಟರ್ ತರಂಗಾಂತರದ ದೀಪ ದೂರ ಹೋಗುತ್ತದೆ, ಆದರೆ ಹತ್ತಿರ ಬಂದವನಿಗೆ ಮಂದ ಕೆಂಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಅಷ್ಟು ದೂರ ಹೋಗುವುದೂ ಇಲ್ಲ. ಕಳ್ಳ ಹೆದರಿ ಓಡಬೇಕಾದರೆ ಮೊದಲನೆಯದು, ಅವನ ಮುಖ ಸಿಗಬೇಕಾದರೆ ಎರಡನೆಯದು. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿನ ಮುಂದೆಯೇ ಮನೆ ಕಟ್ಟುತ್ತದೆ. ವಾರಕ್ಕೊಮ್ಮೆ ಪೊರಕೆ ಆಡಿಸಿ. ಸೋಲಾರ್‌ನದ್ದು ಮಳೆಗಾಲದಲ್ಲಿ ಕೈಕೊಡುತ್ತದೆ. ಪಕ್ಕದ ಮನೆಯ ಬಚ್ಚಲು ಬಾಗಿಲು ಚೌಕಟ್ಟಿನೊಳಗೆ ಬರದಂತೆ ತಿರುಗಿಸಿ, ಇಲ್ಲದಿದ್ದರೆ ಅಡಿಕೆ ಉಳಿದರೂ ನೆಂಟಸ್ತಿಕೆ ಉಳಿಯದು.

ಅಜ್ಜನ ಕಾಲದ ಆಗ್ಫಾ ಕ್ಲಿಕ್ ಕ್ಯಾಮೆರಾ ಹಿಡಿದು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಅದರಲ್ಲಿ ಈಗ ಏನಾದರೂ ಮಾಡಬಹುದೇ ಎಂದಳು. ಖಂಡಿತ, ಮಗಳೇ. ಅದು 120 ರೋಲ್ ತಿನ್ನುವ ಕ್ಯಾಮೆರಾ, ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಆ ರೋಲ್ ಈಗಲೂ ತರಿಸಿಕೊಳ್ಳಬಹುದು, ತೊಳೆಸಲು ದೊಡ್ಡ ಊರಿಗೆ ಕಳಿಸಬೇಕಾದೀತು. ಬಿಸಿಲಿನಲ್ಲಿ ತೆಗೆ, ಡಿಸೆಂಬರ್ ಜನವರಿಯಲ್ಲಿ. ಅದಕ್ಕೆ ಅರೆಬೆಳಕು ಆಗದು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದದ್ದು ಫಿಲಂ ಕಾಲದಲ್ಲೇ. 35 ಮಿ.ಮೀ. ರೋಲಿಗೆ 36 ಚಿತ್ರ ಮಾತ್ರ, ತೊಳೆದು ಬರುವವರೆಗೆ ಏನು ಸಿಕ್ಕಿತೆಂದು ಗೊತ್ತಿಲ್ಲ. ಒಂದು ವರ್ಷ ಹಾಗೆ ತೆಗೆದು ನೋಡು, ಆಮೇಲೆ ಡಿಜಿಟಲ್ ಕ್ಯಾಮೆರಾ ಕೈಗೆ ಬಂದಾಗ ನಿನ್ನ ಬೆರಳು ಬೇರೆ ರೀತಿ ಕೆಲಸ ಮಾಡುತ್ತದೆ.

ಕೊನೆಯ ಪ್ರಶ್ನೆ ಹಳೆಯ ಲೆನ್ಸ್ ಕೊಳ್ಳುವುದರ ಬಗ್ಗೆ. ಮಾರುವವರ ಮನೆಗೆ ಹಗಲು ಹೋಗಿ, ಟಾರ್ಚ್ ತೆಗೆದುಕೊಂಡು ಹೋಗಿ. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆಯಿಲ್ಲ. ಅಂಚಿನಿಂದ ಎಳೆಎಳೆಯಾಗಿ ಹರಡಿದ್ದರೆ ಬೂಷ್ಟು. ಎಷ್ಟೇ ಬೆಲೆ ಇಳಿಸಿದರೂ ಬೇಡ, ಬಿಚ್ಚಿ ಒರೆಸಿಕೊಡುವ ಖರ್ಚು ಲೆನ್ಸಿನ ಬೆಲೆಯನ್ನು ದಾಟಬಹುದು. ಆಟೊಫೋಕಸ್ ನಿಮ್ಮ ಕ್ಯಾಮೆರಾದಲ್ಲೇ ಹಾಕಿ ಪರೀಕ್ಷಿಸಿ. ಬೆಂಗಳೂರಿನಿಂದ ಅಂಚೆಯಲ್ಲಿ ತರಿಸುವುದಾದರೆ ಟಾರ್ಚ್ ಬೆಳಕಿನ ವಿಡಿಯೊ ಕಳಿಸಲು ಹೇಳಿ, ಕಳಿಸಲು ಹಿಂದೆಮುಂದೆ ನೋಡುವವರ ಲೆನ್ಸ್ ಕೊಳ್ಳಬೇಡಿ.